ಕಾಗದ ನೋಡೋಕೆ ಎಲ್ಲರೂ, ಕಂಬಿ ನೋಡೋಕೆ ಯಾರೂ ಇಲ್ಲ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಊರಿನಲ್ಲಿ ಮನೆ ಕಟ್ಟಿಸುತ್ತಿರುವವರು ನಿಮ್ಮ ಓದುಗರಲ್ಲಿ ಬೇಕಾದಷ್ಟು ಜನ ಇದ್ದಾರೆ. ಶನಿವಾರ ಬೆಳಿಗ್ಗೆ ಮಾಗಡಿ, ನೆಲಮಂಗಲ, ಕನಕಪುರ, ದೊಡ್ಡಬಳ್ಳಾಪುರ ಅಂತ ಹೊರಡುತ್ತಾರೆ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ, ಹಾಗಾಗಿ ಪಂಚಾಯಿತಿ ಕೆಲಸಕ್ಕೆ ಉಳಿಯುವುದು ಮಿಕ್ಕ ಶನಿವಾರಗಳು, ಇಲ್ಲ ಅಂದರೆ ಆಫೀಸಿಗೆ ರಜೆ ಹಾಕಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಸಾಹೇಬರು ಇದ್ದಾರಾ ಅಂತ ಫೋನ್ ಮಾಡಿ, ಮೇಸ್ತ್ರಿ ಜೊತೆ ವಾದ ಮಾಡಿ, ಭಾನುವಾರ ರಾತ್ರಿ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ವಾಪಸ್ ಬರುತ್ತಾರೆ. ನಾನೂ ಅವರಲ್ಲಿ ಒಬ್ಬ. ಇಷ್ಟು ಓಡಾಡಿದ ಮೇಲೆ ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಹಳ್ಳಿಯಲ್ಲಿ ಮನೆ ಕಟ್ಟಲು ಹೊರಟರೆ ನಿಮ್ಮ ಕಾಗದಗಳನ್ನು ಎಲ್ಲರೂ ನೋಡುತ್ತಾರೆ. ಕಟ್ಟುತ್ತಿರುವ ಮನೆಯನ್ನು ಮಾತ್ರ ಯಾರೂ ಬಂದು ನೋಡುವುದಿಲ್ಲ.

ನಮ್ಮದು ಹೊಲದಲ್ಲಿ ಎಬ್ಬಿಸುವ ರೆಸಾರ್ಟೂ ಅಲ್ಲ, ಲೇಔಟೂ ಅಲ್ಲ. ಗ್ರಾಮಠಾಣಾದ, ಅಂದರೆ ಊರಿನ ವಾಸದ ಜಾಗದ ಒಳಗೆ ತಾತ ಕಟ್ಟಿಸಿದ್ದ ಹೆಂಚಿನ ಮನೆ. ಮಳೆಗೆ ಒಂದು ಕಡೆ ಮಣ್ಣಿನ ಗೋಡೆ ಕುಸಿಯಿತು. ಅದನ್ನು ಪೂರ್ತಿ ತೆಗೆದು ಅಮ್ಮನಿಗೆ ಅಂತ ಎಂಟು ಚದರದ ಒಂದು ಮನೆ. ಇದಕ್ಕಿಂತ ಸಲೀಸಾದ ಕೇಸ್ ಇನ್ನೊಂದು ಇರಲಿಕ್ಕಿಲ್ಲ, ಅಲ್ವಾ? ಭೂಪರಿವರ್ತನೆ ಬೇಕಿಲ್ಲ, ಪೋಡಿ ಅಂದರೆ ಸರ್ವೆ ನಂಬರ್ ಭಾಗ ಮಾಡುವ ತಕರಾರು ಇಲ್ಲ, ಅಣ್ಣತಮ್ಮಂದಿರ ಜಗಳವೂ ಇಲ್ಲ.

ಆದರೂ ಮೊದಲು ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯಾದ ಇ-ಸ್ವತ್ತಿನಲ್ಲಿ ಖಾತೆ ಬರಬೇಕು. ಖಾತೆಗೆ ನಕ್ಷೆ ಬೇಕು. ನಕ್ಷೆಗೆ ಸರ್ವೆ ಇಲಾಖೆಯ ಮೋಜಿಣಿಯಲ್ಲಿ ಅರ್ಜಿ ಹಾಕಿ ಸರ್ವೆಯರ್ ಬರುವ ತನಕ ಕಾಯಬೇಕು. ಸರ್ವೆಯರ್ ಬಂದಾಗ ಚಕ್ಕುಬಂದಿ ಕೇಳಿದರು. ಹಳೇ ಪುಸ್ತಕದಲ್ಲಿ ಪೂರ್ವಕ್ಕೆ ಪಕ್ಕದವರ ಹಿತ್ತಲು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹುಣಸೇಮರ ಎಂದು ಬರೆದಿದೆ. ಹಿತ್ತಲಿನ ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಯಿತು, ಮಕ್ಕಳು ಪಾಲು ಮಾಡಿಕೊಂಡು ಒಬ್ಬರು ತುಮಕೂರಿನಲ್ಲಿ, ಇನ್ನೊಬ್ಬರು ಪೀಣ್ಯದಲ್ಲಿ ಇದ್ದಾರೆ. ಬಂಡಿದಾರಿ ಈಗ ಕಾಂಕ್ರೀಟ್ ರಸ್ತೆ. ಹುಣಸೇಮರ ಕಡಿದು ಅಲ್ಲಿ ಹಾಲಿನ ಡೈರಿ ಬಂದಿದೆ. ದಾಖಲೆ ಪ್ರಕಾರ ಮರ ಇರಬೇಕಿತ್ತಲ್ಲ ಅಂತ ಕೇಳಿದರೆ ನಾನು ಏನು ಹೇಳಲಿ! ಸರ್ವೆಯರ್ ಒಳ್ಳೆಯವರು, ನಕ್ಕರು. ಆದರೆ ಡೈರಿ ಇರುವ ಜಾಗದ ಬಗ್ಗೆ ಪಂಚಾಯಿತಿಯಿಂದ ಒಂದು ಪತ್ರ ತನ್ನಿ ಅಂದರು. ಆ ಪತ್ರ ಕೊಡಬೇಕಾದವರು ನಕ್ಷೆ ಬಂದ ಮೇಲೆ ಕೊಡುತ್ತೇವೆ ಅಂದರು. ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿ ಮನೆಗಳಿಗೆಲ್ಲ ಆಸ್ತಿ ಕಾರ್ಡ್ ಕೊಡುತ್ತೇವೆ ಎಂದು 2020ರಲ್ಲೇ ಶುರು ಮಾಡಿದ್ದರು. ಡ್ರೋನ್ ಮೇಲಿಂದ ನೋಡಿದ್ದನ್ನು ಪಂಚಾಯಿತಿ ಕೆಳಗಿಂದ ಒಪ್ಪಿಕೊಂಡರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ.

ಒಂದು ಕಾಗದ ಕೊಟ್ಟರೆ ಇನ್ನೊಂದು. ಅದನ್ನು ತಂದರೆ ಮತ್ತೊಂದು. ತೆರಿಗೆ ರಸೀದಿ ಕೊಟ್ಟ ಮೇಲೆ ಋಣಭಾರ ಪತ್ರ, ಅದಾದ ಮೇಲೆ ವಂಶವೃಕ್ಷ, ಆಮೇಲೆ ಅಕ್ಕಂದಿರ ಒಪ್ಪಿಗೆ ಪತ್ರ, ಕೊನೆಗೆ ಹಳೇ ಮನೆಯ ಫೋಟೊ. ಹಳೇ ಮನೆ ಕೆಡವಿದ ಮೇಲೆ ಫೋಟೊ ಕೇಳಿದರೆ ಎಲ್ಲಿಂದ ತರುವುದು? ಅಕ್ಕನ ಮಗಳ ನಾಮಕರಣದ ಆಲ್ಬಂನಲ್ಲಿ ಹಿಂದುಗಡೆ ಮನೆ ಕಾಣುತ್ತಿತ್ತು, ಅದನ್ನೇ ಜೆರಾಕ್ಸ್ ಮಾಡಿ ಕೊಟ್ಟೆವು. ಯಾವ ಕಾಗದಕ್ಕೂ ನನ್ನ ತಕರಾರಿಲ್ಲ. ಇವನ್ನೆಲ್ಲ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಲು ಏನು ಕಷ್ಟ ಎನ್ನುವುದಷ್ಟೇ ನನ್ನ ಪ್ರಶ್ನೆ.

ಇಲ್ಲಿ ಕಾನೂನಿನ ಒಂದು ವಿಷಯ ಹೇಳಲೇಬೇಕು, ಬಹಳ ಜನಕ್ಕೆ ಗೊತ್ತಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ ಸೆಕ್ಷನ್ 64ರಲ್ಲಿ ಮನೆ ಕಟ್ಟಲು ಪಂಚಾಯಿತಿ ಅನುಮತಿ ಬೇಕು ಎಂದಿದೆ. ಅದೇ ಸೆಕ್ಷನ್‌ನಲ್ಲಿ, ಅರ್ಜಿ ಸೇರಿದ 60 ದಿನದೊಳಗೆ ಪಂಚಾಯಿತಿ ಹೌದು ಅಥವಾ ಇಲ್ಲ ಅಂತ ತಿಳಿಸದಿದ್ದರೆ ಅನುಮತಿ ಸಿಕ್ಕ ಹಾಗೆಯೇ ಲೆಕ್ಕ, ನಿಯಮ ಮೀರದೆ ಕೆಲಸ ಶುರು ಮಾಡಬಹುದು ಎಂದೂ ಇದೆ. ಎಷ್ಟು ಒಳ್ಳೆಯ ನಿಯಮ ನೋಡಿ. ಆದರೆ 60 ದಿನ ಎಣಿಸುವುದು ಎಲ್ಲಿಂದ? ಅರ್ಜಿ ಸೇರಿದ ದಿನದಿಂದ. ಅರ್ಜಿ ಸೇರಿತು ಅನ್ನುವುದಕ್ಕೆ ನಿಮ್ಮ ಹತ್ತಿರ ಸ್ವೀಕೃತಿ ಇರಬೇಕು. ಆ ಸ್ವೀಕೃತಿಯನ್ನೇ ಕೊಡುವುದಿಲ್ಲ! "ಇಟ್ಟು ಹೋಗಿ ಸಾರ್, ಸಾಹೇಬ್ರು ಬಂದಮೇಲೆ ತೋರಿಸ್ತೀನಿ" ಅನ್ನುತ್ತಾರೆ. ಟಪಾಲಿನಲ್ಲಿ ಸೀಲ್ ಹಾಕಿ ಕೊಡಿ ಅಂದರೆ ಮುಖ ಬೇರೆ ಥರ ಆಗುತ್ತದೆ. ಸರ್ಕಾರಿ ಕೆಲಸಗಳಿಗೆ ಗಡುವು ಇಡುವ ಸಕಾಲ ಇದೆಯಲ್ಲ ಅಂತ ನೀವು ಕೇಳಬಹುದು. ಸಕಾಲದ ನಂಬರ್ ಬರುವುದು ಅರ್ಜಿ ಕಂಪ್ಯೂಟರ್‌ನಲ್ಲಿ ಎಂಟ್ರಿ ಆದಮೇಲೆ ತಾನೇ. ಎಂಟ್ರಿ ಆಗಿ ತಡವಾದರೂ ಸಿಗುವ ಪರಿಹಾರ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅಷ್ಟಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ನಾನು ಕೊನೆಗೆ ಅರ್ಜಿಯನ್ನು ಅಂಚೆಯಲ್ಲೇ ಕಳಿಸಿದೆ. ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಅದರಲ್ಲೇ ತಲುಪಿದ್ದಕ್ಕೆ ದಾಖಲೆ ಸಿಗುತ್ತದೆ. ಅಷ್ಟು ಮಾಡಿದ ಮೇಲೆ ನಮ್ಮ ಫೈಲ್ ತಾನಾಗಿ ನಡೆಯಲು ಶುರುವಾಯಿತು. ಓದುವವರಿಗೆ ಉಪಯೋಗ ಆಗಲಿ ಅಂತ ಬರೆದೆ.

ಪಿಡಿಒಗಳನ್ನು ಬೈಯಲು ಈ ಪತ್ರ ಅಲ್ಲ. ನಮ್ಮವರಿಗೆ ಪಕ್ಕದ ಪಂಚಾಯಿತಿಯ ಚಾರ್ಜೂ ಇತ್ತು. ಕುಡಿಯುವ ನೀರು, ಬೀದಿದೀಪ, ಕಸದ ಗಾಡಿ, ಮೇಲಿನವರ ವಿಡಿಯೊ ಕಾನ್ಫರೆನ್ಸ್, ಇವೆಲ್ಲದರ ನಡುವೆ ನಮ್ಮ ಎಂಟು ಚದರ ಅವರಿಗೆ ನೆನಪಿರಬೇಕು ಅಂದರೆ ತಪ್ಪಾಗುತ್ತದೆ. ತೊಂದರೆ ಬಂದಿದ್ದು ಬಾಗಿಲ ಹತ್ತಿರ ಕೂತವರಿಂದ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಒಬ್ಬರು "ಸ್ಥಳ ಪರಿಶೀಲನೆ" ಮಾಡಬೇಕು, ಪೆಟ್ರೋಲ್ ಖರ್ಚು ನೋಡಿಕೊಳ್ಳಿ ಅಂದರು. ಆಗಲಿ, ಬನ್ನಿ, ಸ್ಥಳ ನೋಡಿ ಅಂದೆ. ಅವರಿಗೆ ಸ್ಥಳ ಬೇಕಿರಲಿಲ್ಲ. ಕೊನೆಗೂ ಬರಲೇ ಇಲ್ಲ, ಆದರೆ ಪರಿಶೀಲನಾ ವರದಿ ಮಾತ್ರ ಫೈಲಿನಲ್ಲಿ ಇದೆ!

ಹಣ ಕೇಳಿದರೆ ಏನು ಮಾಡಬೇಕು ಎನ್ನುವುದನ್ನೂ ಹೇಳಿಬಿಡುತ್ತೇನೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಲಂಚ ಕೊಡುವವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ಮಾತ್ರ ಆ ಕಾನೂನಿನಲ್ಲಿ ರಕ್ಷಣೆ ಇದೆ. 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಇಂಥ ಕೇಸುಗಳು ಮತ್ತೆ ಲೋಕಾಯುಕ್ತದ ಕೈಯಲ್ಲಿವೆ. ಕೆಲಸ ಆಗಲಿ, ಆಮೇಲೆ ನೋಡಿಕೊಳ್ಳೋಣ ಅಂತ ಸುಮ್ನೆ ಕೂತರೆ ಆ ಏಳು ದಿನ ಕಳೆದೇ ಹೋಗುತ್ತದೆ.

ಈಗ ಮುಖ್ಯ ವಿಷಯ. ಇಷ್ಟೆಲ್ಲ ಕಾಗದ ನೋಡಿ ಅನುಮತಿ ಕೊಟ್ಟರಲ್ಲ, ಪಾಯ ತೋಡಿದ ದಿನ ಯಾರು ಬಂದರು? ಕಂಬಿ ಕಟ್ಟಿದ ದಿನ? ಮೋಲ್ಡ್, ಅಂದರೆ ಸೂರಿನ ಕಾಂಕ್ರೀಟ್ ಹಾಕಿದ ದಿನ? ಯಾರೂ ಇಲ್ಲ. ಪ್ಲಾನ್ ಬರೆದು ಸೀಲ್ ಹಾಕಿಕೊಟ್ಟ ಇಂಜಿನಿಯರ್ ಕೂಡ ನಮ್ಮ ಊರಿನ ದಾರಿ ನೋಡಿಲ್ಲ.

ನಾನು ಇಂಜಿನಿಯರ್ ಅಲ್ಲ. ಆದರೆ ದುಡ್ಡು ನಮ್ಮದು, ಒಳಗೆ ಮಲಗುವವರು ಅಮ್ಮ. ಹಾಗಾಗಿ ಒಂದಿಷ್ಟು ಓದಿಕೊಂಡು ಟೇಪ್ ಹಿಡಿದು ಹೋದೆ. ಕಾಂಕ್ರೀಟ್ ಕೆಲಸಕ್ಕೆ ಐಎಸ್ 456 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ಪಾಯದ ಫುಟಿಂಗ್‌ನಲ್ಲಿ ಕಂಬಿಯ ಸುತ್ತ ಕನಿಷ್ಠ 50 ಮಿಲಿಮೀಟರ್ ಕಾಂಕ್ರೀಟ್ ಇರಬೇಕು, ಕಾಲಂ ಅಂದರೆ ಕಂಬಕ್ಕೆ 40, ಸೂರಿಗೆ 20. ಇದಕ್ಕೆ ಕಂಬಿಯ ಅಡಿಗೆ ಇಡುವ ಕವರ್ ಬ್ಲಾಕ್ ಅಂತ ಸಿಗುತ್ತದೆ, ಒಂದಕ್ಕೆ ಕೆಲವು ರೂಪಾಯಿ ಅಷ್ಟೇ. ನಾನು ಹೋದಾಗ ಗುಂಡಿಯೊಳಗೆ ಬೆಡ್ ಕಾಂಕ್ರೀಟ್ ಮೇಲೆ ಕಂಬಿಯ ಮ್ಯಾಟ್ ಸೀದಾ ಮಲಗಿತ್ತು. ಒಂದೊಂದು ಕಡೆ ಮಾತ್ರ ಅಡಿಗೆ ಜಲ್ಲಿ ಚೂರು ತೂರಿಸಿದ್ದರು. ಕೇಳಿದೆ. "ನಾವು ಇಪ್ಪತ್ತು ವರ್ಷದಿಂದ ಹಿಂಗೇ ಕಟ್ಟೋದು ಸಾರ್, ಒಂದೂ ಬಿದ್ದಿಲ್ಲ" ಅಂದರು ಮೇಸ್ತ್ರಿ. ಕಾಂಕ್ರೀಟ್ ಸುರಿದಾಗ ಆ ಜಲ್ಲಿ ಚೂರು ಪಕ್ಕಕ್ಕೆ ಜಾರುತ್ತದೆ, ಕಂಬಿ ತಳಕ್ಕೆ ಕೂರುತ್ತದೆ, ಮಣ್ಣಿನ ತೇವ ಕಂಬಿಗೆ ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿದರೆ ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ಹಳೇ ಆರ್‌ಸಿಸಿ ಮನೆಗಳಲ್ಲಿ ಸೂರಿನ ಸಿಮೆಂಟ್ ಹಪ್ಪಳದ ಹಾಗೆ ಎದ್ದು ಕಂಬಿ ಕಾಣುತ್ತಿರುತ್ತದಲ್ಲ, ಅದರ ಕಾರಣ ಬಹಳ ಸಲ ಇದೇ. ಮ್ಯಾಟ್ ಎತ್ತಿಸಿ, ಕವರ್ ಬ್ಲಾಕ್ ಇಡಿಸಿದ ಮೇಲೆಯೇ ಮುಂದಿನ ಕೆಲಸ ಅಂತ ಹಟ ಹಿಡಿದೆ. ಮೇಸ್ತ್ರಿ ಮಾಡಿದರು, ಆದರೆ ಅವತ್ತೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮೋಲ್ಡ್ ದಿನ ಇನ್ನೊಂದು. ನಮ್ಮ ಕಡೆ ಮೋಲ್ಡ್ ದಿನ ಅಂದರೆ ಹಬ್ಬವೇ, ಪೂಜೆ, ಕೆಲಸದವರಿಗೆ ಬಿರಿಯಾನಿ. ಮಿಕ್ಸರ್ ಹತ್ತಿರ ನಿಂತ ಹುಡುಗ ಅಳತೆ ಇಲ್ಲದೆ ಬಕೆಟ್‌ನಲ್ಲಿ ನೀರು ಎತ್ತಿ ಹುಯ್ಯುತ್ತಿದ್ದ. ಎಂ20 ದರ್ಜೆಯ ಕಾಂಕ್ರೀಟ್‌ಗೆ 50 ಕೆಜಿಯ ಒಂದು ಸಿಮೆಂಟ್ ಮೂಟೆಗೆ ನೀರು 30 ಲೀಟರ್ ಮೀರಬಾರದು ಅಂತ ಅದೇ ಮಾನದಂಡದಲ್ಲಿದೆ. ಮರಳು, ಜಲ್ಲಿ ಒದ್ದೆ ಇದ್ದರೆ ಅದಕ್ಕಿಂತಲೂ ಕಮ್ಮಿ. ನೀರು ಜಾಸ್ತಿ ಆದರೆ ಕಾಂಕ್ರೀಟ್ ಸಲೀಸಾಗಿ ಹರಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ, ಮನೆಯ ಗಟ್ಟಿತನ ಮಾತ್ರ ಕಮ್ಮಿಯಾಗುತ್ತದೆ. ಆ ಹುಡುಗನನ್ನು ಏನು ಅನ್ನುವುದು! ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹತ್ತು ಲೀಟರಿನ ಪೇಂಟ್ ಡಬ್ಬ ಕೊಟ್ಟು, ಮೂಟೆಗೆ ಮೂರು ಡಬ್ಬ, ಅದರ ಮೇಲೆ ಒಂದು ಲೋಟವೂ ಬೇಡ ಅಂದಾಗ ಸರಿಯಾಗಿಯೇ ಮಾಡಿದ. ನೀರು ಕಟ್ಟುವುದೂ ಅಷ್ಟೇ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ ಎನ್ನುವ ಮಿಶ್ರ ಸಿಮೆಂಟ್. ಅದಕ್ಕೆ ಕನಿಷ್ಠ ಹತ್ತು ದಿನ ತೇವ ಆರದ ಹಾಗೆ ನೋಡಿಕೊಳ್ಳಬೇಕು. ಕಂಟ್ರಾಕ್ಟರ್ ಕಡೆಯವರು ಮೋಲ್ಡ್ ಮುಗಿಸಿ ಬೇರೆ ಸೈಟಿಗೆ ಹೋದರು, ಸೂರಿಗೆ ನೀರು ಬಿಟ್ಟಿದ್ದು ಅಮ್ಮ ಮತ್ತು ಪಕ್ಕದ ಮನೆ ಅತ್ತೆ.

ಕಂಟ್ರಾಕ್ಟರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಒಂದೊಂದು ಕಥೆ ಇರುತ್ತದೆ. ಚದರಕ್ಕೆ ಇಷ್ಟು ಅಂತ ಬಾಯಿಮಾತಲ್ಲಿ ಮುಗಿಸಬೇಡಿ ಅಂತಷ್ಟೇ ಹೇಳುತ್ತೇನೆ. ಸಂಪ್ ಸೇರಿದೆಯಾ, ಸಜ್ಜಾ ಚದರಕ್ಕೆ ಲೆಕ್ಕ ಉಂಟಾ, ಕಂಬಿ ಯಾವುದು, ಸೆಂಟ್ರಿಂಗ್ ಯಾರದು, ಯಾವ ಹಂತ ಮುಗಿದರೆ ಎಷ್ಟು ದುಡ್ಡು, ಎಲ್ಲವೂ ಬರೆದಿರಲಿ, ದುಡ್ಡು ಬ್ಯಾಂಕ್ ಮೂಲಕ ಹೋಗಲಿ. ಮನೆ ಕಟ್ಟಿಕೊಡುವುದೂ ಸೇವೆಯೇ, ಅದರಲ್ಲಿ ಲೋಪವಾದರೆ ಗ್ರಾಹಕರು ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ ಆಯೋಗದ ಮುಂದೆ ಏನು ತೋರಿಸುತ್ತೀರಿ? ಇನ್ನೊಂದು, ಹೊಲದ ಪಂಪ್‌ಸೆಟ್ ಲೈನಿನಿಂದ ವೈರ್ ಎಳೆದು ಮಿಕ್ಸರ್ ಓಡಿಸುತ್ತೇವೆ ಅಂದರೆ ಒಪ್ಪಬೇಡಿ. 10 ಎಚ್‌ಪಿವರೆಗೆ ಉಚಿತ ಕರೆಂಟ್ ಕೊಡುವುದು ನೀರಾವರಿಗೆ. ಹಿಡಿದರೆ ಹೊಲದ ಯಜಮಾನನ ಮೇಲೂ ಕೇಸ್ ಬೀಳಬಹುದು. ತಾತ್ಕಾಲಿಕ ಸಂಪರ್ಕ ಅಂತ ಕೊಡುತ್ತಾರೆ, ಅದನ್ನೇ ತೆಗೆದುಕೊಳ್ಳಿ.

ಹಳ್ಳಿಯಲ್ಲಿ ಪ್ರತಿ ಮನೆಗೂ ಹೋಗಿ ನೋಡಲು ಜನ ಎಲ್ಲಿದ್ದಾರೆ ಅಂತ ಅಧಿಕಾರಿಗಳು ಹೇಳಬಹುದು. ನಾನು ಒಪ್ಪುವುದಿಲ್ಲ. ಬಸವ ವಸತಿಯಂಥ ಸರ್ಕಾರಿ ಯೋಜನೆಯ ಮನೆಗಳನ್ನು ನೋಡಿ. ಪಾಯ, ಗೋಡೆ, ಸೂರು, ಹೀಗೆ ಒಂದೊಂದು ಹಂತಕ್ಕೂ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೊ ತೆಗೆದು ಅಪ್‌ಲೋಡ್ ಮಾಡಿದ ಮೇಲೆಯೇ ಕಂತು ಬಿಡುಗಡೆ. ಅಂದರೆ ಬಂದು ನೋಡುವ ಅಭ್ಯಾಸ ಪಂಚಾಯಿತಿಗೆ ಇದೆ. ನರೇಗಾ ಚರಂಡಿಗೆ ಟೇಪ್ ಹಿಡಿದು ಅಳೆದು ಅಳತೆ ಪುಸ್ತಕ (ಎಂಬಿ) ಬರೆಯಲು ತಾಂತ್ರಿಕ ಸಹಾಯಕರು ಬರುತ್ತಿದ್ದರು. ಸರ್ಕಾರದ ದುಡ್ಡು ಎಲ್ಲಿದೆಯೋ ಅಲ್ಲಿ ಕಣ್ಣು ಇರುತ್ತದೆ. ನಮ್ಮ ದುಡ್ಡಿನ ಮನೆ ಆದರೆ ಖಾತೆ ಸರಿ ಇದ್ದರೆ ಮುಗಿಯಿತು, ಕಟ್ಟಡ ಹೇಗಾದರೂ ಇರಲಿ.

ಇದು ಬರೀ ಹಳ್ಳಿಯ ಸಮಸ್ಯೆಯೂ ಅಲ್ಲ. 2024ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಮಳೆಯಲ್ಲಿ ಕುಸಿದು ಕೂಲಿ ಮಾಡುತ್ತಿದ್ದವರು ಸತ್ತರು. ಇಲಾಖೆ, ಇಂಜಿನಿಯರ್ ಎಲ್ಲ ಇರುವ ನಗರದಲ್ಲೇ ಹೀಗಾದರೆ, ಯಾರೂ ನೋಡದ ಕಡೆ ಹೇಗಿರುತ್ತದೆ ಅಂತ ಯೋಚನೆ ಮಾಡಿ. ಈಗ ಹಳ್ಳಿಗಳಲ್ಲೂ ಒಂದಂತಸ್ತಿನ ಹೆಂಚಿನ ಮನೆ ಹೋಗಿ ಬಾಡಿಗೆಗೆ ಅಂತ ಮೂರಂತಸ್ತು ಏಳುತ್ತಿವೆ.

ಅದೇ ವರ್ಷ ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟ್, ವಾಸಯೋಗ್ಯ ಪ್ರಮಾಣಪತ್ರ ಅಂದರೆ ಓಸಿ ಇಲ್ಲದೆ ಕರೆಂಟ್, ನೀರಿನ ಸಂಪರ್ಕ ಕೊಡಬೇಡಿ ಅಂತ ಹೇಳಿತು. ಆಮೇಲೆ ಲಕ್ಷಾಂತರ ಜನ ಕರೆಂಟಿಗೆ ಪರದಾಡಿದರು, ಬೆಂಗಳೂರಿನಲ್ಲಿ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಡಬೇಕಾಯಿತು. ವಿನಾಯಿತಿ ಸಿಕ್ಕಿದ್ದು ಒಳ್ಳೆಯದೇ. ಆದರೆ ಓಸಿ ಬೇಕು ಅಂದರೂ, ಬೇಡ ಅಂದರೂ, ಕಟ್ಟಡ ಗಟ್ಟಿ ಇದೆಯಾ ಅಂತ ನೋಡಿದವರು ಯಾರು? ಕೋರ್ಟ್ ಕೇಳಿದ್ದು ಕಟ್ಟಡ ಪ್ಲಾನ್ ಪ್ರಕಾರ ಇದೆಯಾ ಅಂತ ಬಂದು ನೋಡುವುದನ್ನು. ನಮ್ಮವರಿಗೆ ಕೇಳಿಸಿದ್ದು ಮಾತ್ರ ಇನ್ನೊಂದು ಕಾಗದ.

ಬೇಸಾಯಗಾರರಲ್ಲದವರ ಹೊಲ ಖರೀದಿಗೆ ತಡೆ ಹಾಕಿದ್ದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು 2020ರಲ್ಲಿ ತೆಗೆದ ಮೇಲೆ ಹೊಲ ಕೊಂಡ ಬೆಂಗಳೂರಿನವರಿಗೂ ಒಂದು ಮಾತು. ಹೊಲದಲ್ಲಿ ಫಾರ್ಮ್‌ಹೌಸ್‌ಗೆ ಏನೂ ಬೇಡ ಅಂತ ಬ್ರೋಕರ್‌ಗಳು ಹೇಳುತ್ತಾರೆ. ಭೂಕಂದಾಯ ಕಾಯ್ದೆಯ ಸೆಕ್ಷನ್ 95ರಲ್ಲಿ ರೈತರು ಬೇಸಾಯಕ್ಕೆ ಅನುಕೂಲವಾಗುವ ಕಟ್ಟಡ ಕಟ್ಟಿಕೊಳ್ಳಬಹುದು, ಅದು ಹಿಡುವಳಿಯ ಹತ್ತನೇ ಒಂದು ಭಾಗ ಮೀರಬಾರದು ಎಂದಿದೆ. ವಾರಾಂತ್ಯಕ್ಕೆ ಬಾಡಿಗೆ ಕೊಡುವ ಈಜುಕೊಳದ ಬಂಗಲೆಗೆ ಆ ಸೆಕ್ಷನ್ ಹೇಳಿಕೊಂಡು ಬಂದರೆ ನಡೆಯುವುದಿಲ್ಲ. ಮೇಲಾಗಿ ನೆಲಮಂಗಲ, ಮಾಗಡಿ, ಹೊಸಕೋಟೆ, ಕನಕಪುರದಂಥ ಕಡೆ ಯೋಜನಾ ಪ್ರಾಧಿಕಾರಗಳೂ ಇವೆ. ಪಂಚಾಯಿತಿ ಸಹಿ ಒಂದೇ ಸಾಕು ಅಂತ ಯಾರಾದರೂ ಹೇಳಿದರೆ ಪ್ರಾಧಿಕಾರದಲ್ಲೂ ಒಂದು ಸಲ ವಿಚಾರಿಸಿ.

ಗ್ರಾಮೀಣಾಭಿವೃದ್ಧಿ ಇಲಾಖೆಯವರು ಈ ಪತ್ರ ಓದಿದರೆ ದೊಡ್ಡದೇನೂ ಕೇಳುತ್ತಿಲ್ಲ. ಅರ್ಜಿ ಕೊಟ್ಟ ದಿನವೇ ತಾರೀಖು ಹಾಕಿದ ಸ್ವೀಕೃತಿ ಕೊಡಲಿ. ಏನೇನು ಕಾಗದ ಬೇಕು ಅಂತ ಒಂದೇ ಸಲ ಬರೆದು ಹೇಳಲಿ, ಆಮೇಲೆ ಹೊಸದು ನೆನಪಾದರೆ ಅದು ಅವರ ಪಾಡು. ಫುಟಿಂಗ್ ಕಂಬಿ ಕಟ್ಟಿದಾಗ, ಮತ್ತೆ ಮೋಲ್ಡ್ ಹಾಕುವ ಹಿಂದಿನ ದಿನ, ತಾಲ್ಲೂಕಿನಿಂದ ಒಬ್ಬ ಇಂಜಿನಿಯರ್ ಬಂದು, ಬಸವ ವಸತಿ ಮನೆಗೆ ತೆಗೆಯುವ ಹಾಗೆಯೇ ಫೋಟೊ ತೆಗೆದು, ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು ಅಂತ ಬರೆದು ಸಹಿ ಹಾಕಲಿ. ಅಂಥ ಸಹಿ ಇದ್ದರೆ ಮೇಸ್ತ್ರಿಗಳೂ ಕವರ್ ಬ್ಲಾಕ್ ಮರೆಯುವುದಿಲ್ಲ. ಅದಕ್ಕೆ ಶುಲ್ಕ ಇಟ್ಟರೂ ಸಂತೋಷವಾಗಿ ಕಟ್ಟುತ್ತೇವೆ, ರಸೀದಿ ಕೊಡಬೇಕು ಅಷ್ಟೇ.

ಇಂತಿ,
ಒಬ್ಬ ಓದುಗ
ವಿಜಯನಗರ, ಬೆಂಗಳೂರು